ಮನೆಯಲ್ಲಿದ್ದುಕೊಂಡೇ ಮೀನಿನ ಜೀವಶಾಸ್ತ್ರ ಮತ್ತು ವಿಕಾಸವನ್ನು ಓದಬಹುದೇ?

ಪ್ರಶ್ನೆ: ನಾನು ಅಂಕೋಲಾ ತಾಲ್ಲೂಕಿನ ಕಡಲತೀರದ ಊರಿನವಳು, ವಯಸ್ಸು 31. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತೆಗೆದುಕೊಂಡು ಹತ್ತು ವರ್ಷಗಳ ಹಿಂದೆ ಬಿ.ಎಸ್ಸಿ. ಮುಗಿಸಿದ್ದೇನೆ. ಈಗ ಸಹಕಾರಿ ಸಂಘವೊಂದರಲ್ಲಿ ಕೆಲಸ. ಅಮ್ಮ ಮೀನು ಮಾರುತ್ತಾರೆ. ಮೀನುಗಳ ಜೀವಶಾಸ್ತ್ರವನ್ನೂ ವಿಕಾಸವನ್ನೂ ಕ್ರಮವಾಗಿ ಓದಬೇಕೆಂಬ ಆಸೆ ಕಾಲೇಜಿನ ದಿನಗಳಿಂದಲೂ ಇದೆ, ಆದರೆ ಕೆಲಸ ಬಿಡುವಂತಿಲ್ಲ. ದೂರಶಿಕ್ಷಣದಲ್ಲಿ ಇದು ಸಾಧ್ಯವೇ? ಪ್ರಯೋಗಾಲಯದ ಒಡನಾಟವಿಲ್ಲದೆ ಕಲಿತ ಪ್ರಾಣಿಶಾಸ್ತ್ರಕ್ಕೆ ಬೆಲೆಯಿದೆಯೇ? ಮುಂದೆ ಪಿಎಚ್.ಡಿ. ಮಾಡಬಹುದೇ?

ಉತ್ತರ: ಸಾಧ್ಯವಿದೆ. ಪಾಠ ದೂರದಿಂದ ಬರಬಹುದು, ಆದರೆ ಮೀನು ಮಾತ್ರ ಕೈಯಲ್ಲೇ ಇರಬೇಕು. ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದವನಾಗಿ ಹೇಳುವುದಾದರೆ, ಒಳ್ಳೆಯ ಪ್ರಯೋಗಾಲಯವಿದ್ದೂ ಒಂದು ಮೀನಿನ ಕಿವಿರನ್ನು ಬೆರಳಿನಿಂದ ಎತ್ತಿ ನೋಡದೆ ಪದವಿ ಪಡೆದವರನ್ನು ನಾನು ಕಂಡಿದ್ದೇನೆ. ಪ್ರತಿದಿನ ಬುಟ್ಟಿಗಟ್ಟಲೆ ಮೀನು ಬಂದು ಬೀಳುವ ಮನೆಯಲ್ಲಿ ಬೆಳೆದ ನಿಮಗೆ ಆ ಕೊರತೆ ಇಲ್ಲ. ಹಾಗಾಗಿ ಪದವಿಯ ವಿಚಾರವನ್ನು ಬೇಗ ಮುಗಿಸಿ, ಓದುವ ಬಗೆಯ ಕುರಿತು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೀನುಗಾರಿಕೆ ವಿಜ್ಞಾನದ ಪದವಿಯನ್ನೂ ಪ್ರಾಣಿಶಾಸ್ತ್ರದ ಪದವಿಯನ್ನೂ ಮೊದಲು ಬೇರೆ ಬೇರೆಯಾಗಿ ನೋಡಿ. ಬಿ.ಎಫ್.ಎಸ್ಸಿ. ಎನ್ನುವುದು ನಾಲ್ಕು ವರ್ಷ ಕಾಲೇಜಿನಲ್ಲೇ ಇದ್ದು ಓದುವ ವೃತ್ತಿಪರ ಪದವಿ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಅದನ್ನು ಓದಬಹುದು, ಆದರೆ ಅಂಚೆಯಲ್ಲಿ ಅಥವಾ ಆನ್‌ಲೈನಿನಲ್ಲಿ ಓದಲಾಗದು. ಅದರ ಮುಂದಿನ ಎಂ.ಎಫ್.ಎಸ್ಸಿ.ಗೆ ಸಾಮಾನ್ಯವಾಗಿ ಬಿ.ಎಫ್.ಎಸ್ಸಿ. ಆದವರನ್ನೇ ತೆಗೆದುಕೊಳ್ಳುವುದರಿಂದ ಆ ದಾರಿಯನ್ನು ನೀವು ಬದಿಗಿಡುವುದು ಒಳ್ಳೆಯದು. ನಿಮಗೆ ಸರಿಹೊಂದುವುದು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಮತ್ತು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೊ) ಎರಡೂ ಅದನ್ನು ದೂರಶಿಕ್ಷಣದಲ್ಲಿ ನಡೆಸುತ್ತವೆ. ಅರ್ಜಿ ಹಾಕುವ ಮುನ್ನ, ಆ ವರ್ಷದ ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ನೀವೇ ನೋಡಿಕೊಳ್ಳಬೇಕು. ಪ್ರವೇಶ ಮಾಡಿಸಿಕೊಡುತ್ತೇವೆನ್ನುವ ಮಧ್ಯವರ್ತಿಯ ಮಾತನ್ನು ನಂಬಬೇಡಿ. ಮಾನ್ಯತೆ ಇರುವ ಸಂಸ್ಥೆಯಿಂದ ಪಡೆದ ದೂರಶಿಕ್ಷಣದ ಪದವಿ ಸಾಮಾನ್ಯ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಪ್ರಾಯೋಗಿಕ ತರಗತಿಗಳಿಗೆ ಮಾತ್ರ ಅಧ್ಯಯನ ಕೇಂದ್ರಕ್ಕೆ ಹೋಗಲೇಬೇಕಾಗುತ್ತದೆ, ಆದ್ದರಿಂದ ಸಂಘದಲ್ಲಿ ಸಿಗುವ ರಜೆಯ ಲೆಕ್ಕವನ್ನು ಈಗಲೇ ಹಾಕಿಟ್ಟುಕೊಳ್ಳಿ. ಇಗ್ನೊದಲ್ಲಿ ಮೀನು ಉತ್ಪನ್ನಗಳ ಡಿಪ್ಲೊಮಾ ಕೂಡ ಇದೆ, ಆದರೆ ಅದು ಸಂಸ್ಕರಣೆಗೆ ಸಂಬಂಧಿಸಿದ್ದು. ನಿಮ್ಮ ಆಸೆ ಅದರಿಂದ ತೀರದು.

ಪಿಎಚ್.ಡಿ.ಯನ್ನು ದೂರಶಿಕ್ಷಣದಲ್ಲಿ ಮಾಡಲು ನಮ್ಮ ದೇಶದಲ್ಲಿ ಅವಕಾಶವಿಲ್ಲ. ಆದರೆ ಕೆಲಸ ಕೊಟ್ಟವರ ಒಪ್ಪಿಗೆ ಪತ್ರದೊಡನೆ ಅರೆಕಾಲಿಕವಾಗಿ ಮಾಡಲು ಯುಜಿಸಿ ನಿಯಮದಲ್ಲಿ ಅವಕಾಶವಿದೆ. ನಿಮ್ಮ ಪಕ್ಕದ ಕಾರವಾರದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಎಂ.ಎಸ್ಸಿ. ಓದುವಾಗಲೇ ಅಲ್ಲಿಗೆ ಒಮ್ಮೆ ಹೋಗಿ, ನೀವು ದಾಖಲಿಸಿದ ಒಂದು ವರ್ಷದ ಮಾಹಿತಿಯನ್ನು ಮೇಜಿನ ಮೇಲಿಟ್ಟು ಮಾತಾಡಿದರೆ, ನಿಮ್ಮ ಪದವಿ ದೂರಶಿಕ್ಷಣದ್ದೋ ಅಲ್ಲವೋ ಎಂಬ ಪ್ರಶ್ನೆ ತಾನಾಗಿ ಹಿಂದೆ ಸರಿಯುತ್ತದೆ.

ಎಂ.ಎಸ್ಸಿ. ಪಠ್ಯದಲ್ಲಿ ಮೀನಿನ ಪಾಲು ಕಡಿಮೆ. ಉಳಿದದ್ದನ್ನು ನೀವೇ ಜೋಡಿಸಿಕೊಳ್ಳಬೇಕು. ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ವೇದಿಕೆಯ ಕೋರ್ಸುಗಳನ್ನು ಉಚಿತವಾಗಿ ಕೇಳಬಹುದು, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆಯ ಶುಲ್ಕ ಕಟ್ಟಬೇಕು. ಇ-ಪಿಜಿ ಪಾಠಶಾಲೆಯಲ್ಲಿ ಪ್ರಾಣಿಶಾಸ್ತ್ರದ ಸ್ನಾತಕೋತ್ತರ ಪಾಠಗಳು ಉಚಿತವಾಗಿವೆ. ಜಗತ್ತಿನ ಸುಮಾರು 35,000 ಮೀನು ಪ್ರಭೇದಗಳ ವಿವರವಿರುವ ಫಿಶ್‌ಬೇಸ್ ಎಂಬ ದತ್ತಸಂಗ್ರಹ ಯಾರಿಗೂ ತೆರೆದಿದೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1947ರಿಂದ ನಮ್ಮ ಕಡಲ ಮೀನುಗಳ ಮೇಲೆ ಕೆಲಸ ಮಾಡುತ್ತ ಬಂದಿದ್ದು, ಅದರ ಹಳೆಯ ಪ್ರಬಂಧಗಳೂ ಅಂತರ್ಜಾಲದಲ್ಲಿ ಓದಲು ಸಿಗುತ್ತವೆ. ತಾರ್ಲೆ, ಬಂಗುಡೆಗಳ ಬಗ್ಗೆ ಅಲ್ಲಿರುವಷ್ಟು ವಿವರ ಯಾವ ಪಠ್ಯಪುಸ್ತಕದಲ್ಲೂ ಸಿಗದು.

ಇನ್ನು ಮೀನಿನ ವಿಚಾರ. ಕಾಲೇಜುಗಳಲ್ಲಿ ಪ್ರಾಣಿಗಳ ಡಿಸೆಕ್ಷನ್ ಕೈಬಿಡುವಂತೆ ಯುಜಿಸಿ 2014ರಲ್ಲಿ ಸೂಚಿಸಿದ ಮೇಲೆ ಎಷ್ಟೋ ವಿದ್ಯಾರ್ಥಿಗಳು ಅಂಗರಚನೆಯನ್ನು ಪರದೆಯ ಮೇಲಷ್ಟೇ ನೋಡುತ್ತಾರೆ. ಪ್ರಯೋಗಕ್ಕಾಗಿ ಪ್ರಾಣಿ ಕೊಲ್ಲಬಾರದೆಂಬ ಕಾಳಜಿಯನ್ನು ನಾನು ಒಪ್ಪುತ್ತೇನೆ. ಆದರೆ ಅಡುಗೆಗೆಂದು ಹೇಗೂ ಕೊಯ್ಯುವ ಮೀನನ್ನು ಗಮನವಿಟ್ಟು ಕೊಯ್ದರೆ ಯಾವ ಪ್ರಾಣಿಗೂ ಹೊಸದಾಗಿ ನೋವಾಗುವುದಿಲ್ಲ. ಮುಂದಿನ ಭಾನುವಾರ ಮನೆಗೆ ಬಂಗುಡೆ ಬಂದಾಗ ಹರಿತವಾದ ಸಣ್ಣ ಕತ್ತರಿ, ಬಿಳಿ ತಟ್ಟೆ ಮತ್ತು ಅಳತೆಪಟ್ಟಿ ಇಟ್ಟುಕೊಂಡು ಕುಳಿತುಕೊಳ್ಳಿ. ಮೊದಲು ಬಾಯಿ ಅಗಲಿಸಿ ಬೆಳಕಿನ ಕಡೆಗೆ ಹಿಡಿಯಿರಿ. ಒಳಗೆ ಹಕ್ಕಿಯ ಗರಿಯಂತೆ ಉದ್ದನೆಯ ಎಳೆಗಳ ಸಾಲು ಕಾಣುತ್ತದೆ. ಅವು ಕಿವಿರಿನ ಕಮಾನುಗಳ ಒಳಬದಿಯ ಜರಡಿ ಹಲ್ಲುಗಳು. ಬಾಯೊಳಗೆ ಬಂದ ನೀರು ಹೊರಗೆ ಹೋಗುವಾಗ ಅದರಲ್ಲಿರುವ ಸಣ್ಣ ಪ್ಲವಕಗಳನ್ನು, ಅಂದರೆ ತೇಲಾಡುವ ಸೂಕ್ಷ್ಮ ಜೀವಿಗಳನ್ನು, ಅವು ತಡೆದುಕೊಳ್ಳುತ್ತವೆ. ಇಸ್ವಾಣದ ತಲೆ ಸಿಕ್ಕಿದ ದಿನ ಅದರ ಬಾಯಿಯನ್ನೂ ಹೀಗೆಯೇ ನೋಡಿ. ಬೇಟೆಯಾಡಿ ತಿನ್ನುವ ಆ ಮೀನಿನಲ್ಲಿ ದವಡೆಯ ಹಲ್ಲು ಹರಿತವಾಗಿದ್ದು, ಜರಡಿ ಹಲ್ಲು ಲೆಕ್ಕಕ್ಕಷ್ಟೇ ಇರುತ್ತದೆ. ಬಂಗುಡೆ ಮತ್ತು ಇಸ್ವಾಣ ಒಂದೇ ಕುಟುಂಬದ ಮೀನುಗಳು. ಒಂದೇ ಮೂಲದ ಅಂಗ ಊಟದ ರೀತಿಗೆ ತಕ್ಕಂತೆ ಹೇಗೆ ಬೇರೆಯಾಗಿದೆ ಎಂಬುದನ್ನು ಎರಡು ಬಾಯಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು ಮರೆಯಲಾರರು.

ಕಿವಿರು ಮುಚ್ಚಳವನ್ನು ಕತ್ತರಿಸಿ ತೆಗೆದರೆ ಪ್ರತಿ ಬದಿಯಲ್ಲಿ ನಾಲ್ಕು ಕೆಂಪು ಕಮಾನುಗಳು ಸಿಗುತ್ತವೆ. ಒಂದನ್ನು ಬಿಡಿಸಿ ನೀರಿನಲ್ಲಿ ತೇಲಿಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಕೆಂಪು ಎಳೆಗಳ ಮೇಲೆ ಇನ್ನೂ ತೆಳುವಾದ ಪದರಗಳಿದ್ದು, ಅವುಗಳಲ್ಲಿ ರಕ್ತವು ನೀರು ಹರಿಯುವ ದಿಕ್ಕಿಗೆ ಎದುರಾಗಿ ಹರಿಯುತ್ತದೆ. ಎರಡೂ ಒಂದೇ ದಿಕ್ಕಿಗೆ ಹರಿದಿದ್ದರೆ ನೀರಿನ ಆಮ್ಲಜನಕವೂ ರಕ್ತದ ಆಮ್ಲಜನಕವೂ ಸಮನಾದ ಕೂಡಲೇ, ಅಂದರೆ ಅರ್ಧದಷ್ಟು ದಾಟುವಷ್ಟರಲ್ಲಿ, ವಿನಿಮಯ ನಿಂತುಹೋಗುತ್ತಿತ್ತು. ಎದುರುಬದುರು ಹರಿಯುವುದರಿಂದ ರಕ್ತಕ್ಕೆ ಪ್ರತಿ ಹೆಜ್ಜೆಯಲ್ಲೂ ತನಗಿಂತ ಹೆಚ್ಚು ಆಮ್ಲಜನಕವಿರುವ ನೀರೇ ಸಿಗುತ್ತದೆ. ಪುಸ್ತಕದಲ್ಲಿ ಈ ಚಿತ್ರವನ್ನು ಬಾಣದ ಗುರುತುಗಳೊಡನೆ ಹತ್ತು ಸಲ ನೋಡಿದರೂ ಅರ್ಥವಾಗದ ವಿದ್ಯಾರ್ಥಿಗಳಿಗೆ, ಕಿವಿರನ್ನು ನೀರಿನಲ್ಲಿ ತೇಲಿಬಿಟ್ಟ ಒಂದೇ ದಿನದಲ್ಲಿ ಅರ್ಥವಾದದ್ದನ್ನು ನಾನು ಕಂಡಿದ್ದೇನೆ.

ತೊರಕೆಯನ್ನು, ಅಂದರೆ ಚಪ್ಪಟೆ ಮೈಯ ರೇ ಮೀನನ್ನು, ಇದರ ಪಕ್ಕದಲ್ಲಿಟ್ಟು ನೋಡಿ. ಅದಕ್ಕೆ ಮುಚ್ಚಳವಿಲ್ಲ, ಕಿವಿರಿನ ಐದು ಜೋಡಿ ಸೀಳುಗಳು ಹೊಟ್ಟೆಯ ಕಡೆಗಿವೆ. ಮರಳಿನ ಮೇಲೆ ಮಲಗಿರುವಾಗ ಬಾಯಿಯಿಂದ ನೀರೆಳೆದರೆ ಮರಳೂ ಒಳಗೆ ಬರುವುದರಿಂದ, ಕಣ್ಣಿನ ಹಿಂದಿರುವ ರಂಧ್ರಗಳಿಂದ ನೀರನ್ನು ಒಳಗೆಳೆಯುತ್ತದೆ. ಗಾಳಿಚೀಲವೂ ಅದಕ್ಕಿಲ್ಲ. ಇದನ್ನು ನೋಡಿದ ಮೇಲೆ ಕೊಡ್ಡಾಯಿಯನ್ನು ಕೊಯ್ದರೆ ಅದರ ದೊಡ್ಡ ಗಾಳಿಚೀಲವೂ, ತಲೆಬುರುಡೆಯೊಳಗೆ ಬಿಳಿಯ ಕಲ್ಲಿನಂತಹ ಕಿವಿಗಲ್ಲೂ ಸಿಗುತ್ತವೆ. ಮೀನಿನ ವಯಸ್ಸನ್ನು ಹೇಳುವುದು ಆ ಕಲ್ಲಿನಲ್ಲಿರುವ ಬೆಳವಣಿಗೆಯ ಬಳೆಗಳು. ಅವನ್ನು ಓದಲು ಸೂಕ್ಷ್ಮದರ್ಶಕ ಬೇಕು. ಆದರೂ ಕಲ್ಲುಗಳನ್ನು ತೊಳೆದು ಒಣಗಿಸಿ, ದಿನಾಂಕ ಮತ್ತು ಮೀನಿನ ಉದ್ದ ಬರೆದ ಕಾಗದದ ಪೊಟ್ಟಣದಲ್ಲಿ ಇಟ್ಟುಕೊಳ್ಳುತ್ತ ಹೋಗಿ. ಅಧ್ಯಯನ ಕೇಂದ್ರದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತಾಗ ಅವು ಕೆಲಸಕ್ಕೆ ಬರುತ್ತವೆ.

ವಿಕಾಸವನ್ನು ಓದುವಾಗ ಹೆಚ್ಚಿನವರು ಎಡವುವ ಜಾಗವೊಂದಿದೆ. ದವಡೆಯಿಲ್ಲದ ಮೀನು, ಅದರ ಮೇಲೆ ತಾಟೆ (ಶಾರ್ಕ್), ಅದರ ಮೇಲೆ ಮೂಳೆಯ ಮೀನು, ಅದರ ಮೇಲೆ ಕಪ್ಪೆ ಎಂದು ಏಣಿಯ ಮೆಟ್ಟಿಲುಗಳಂತೆ ಬರೆದ ಚಿತ್ರವನ್ನು ನೀವೂ ಕಾಲೇಜಿನಲ್ಲಿ ಕಲಿತಿರಬಹುದು. ನಾನೂ ಮೊದಲ ಕೆಲವು ವರ್ಷ ಅದನ್ನೇ ಕಪ್ಪುಹಲಗೆಯ ಮೇಲೆ ಬಿಡಿಸಿ ಪಾಠ ಮಾಡಿದ್ದೇನೆ, ಅದು ತಪ್ಪು. ಇಂದು ಬಲೆಗೆ ಬೀಳುವ ತಾಟೆ ಬಂಗುಡೆಯ ಅಜ್ಜಿಯಲ್ಲ. ಇಬ್ಬರಿಗೂ 40 ಕೋಟಿ ವರ್ಷಕ್ಕೂ ಹಿಂದೆ ಒಬ್ಬಳೇ ಅಜ್ಜಿಯಿದ್ದಳು; ಅಲ್ಲಿಂದ ಇಲ್ಲಿಯವರೆಗೆ ಇಬ್ಬರೂ ಸಮಾನ ಕಾಲ ಬದಲಾಗುತ್ತಲೇ ಬಂದಿದ್ದಾರೆ. ತಾಟೆಯ ಮೃದ್ವಸ್ಥಿಯ ಅಸ್ಥಿಪಂಜರವನ್ನು ಹಳೆಯ ಸ್ಥಿತಿಯೆಂದು ಬಹುಕಾಲ ತಿಳಿದಿದ್ದರು. ಆದರೆ ಅದಕ್ಕಿಂತ ಮುಂಚಿನ ಎಷ್ಟೋ ಮೀನುಗಳಿಗೆ ಮೂಳೆಯ ಕವಚವಿತ್ತು. ಮಂಗೋಲಿಯಾದಲ್ಲಿ ಸಿಕ್ಕ, ಸುಮಾರು 41 ಕೋಟಿ ವರ್ಷ ಹಳೆಯ ಮಿಂಜಿನಿಯಾ ಎಂಬ ಕವಚಮೀನಿನ ತಲೆಬುರುಡೆಯಲ್ಲಿ ಒಳಮೂಳೆಯೂ ಇತ್ತೆಂದು 2020ರಲ್ಲಿ ಪ್ರಕಟವಾಯಿತು. ತಾಟೆಗಳ ಪೂರ್ವಜರಿಗೆ ಮೂಳೆಯಿದ್ದು ನಂತರ ಅದು ಕಳೆದುಹೋಗಿರಬಹುದು ಎಂಬ ವಾದಕ್ಕೆ ಇದರಿಂದ ಬಲ ಬಂತು. ಇನ್ನೊಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ವಂಶವೃಕ್ಷವನ್ನು ಓದುವುದು ಸುಲಭವಾಗುತ್ತದೆ: ಆಫ್ರಿಕಾದ ಶ್ವಾಸಕೋಶದ ಮೀನು ಬಂಗುಡೆಗಿಂತ ನಮಗೇ ಹತ್ತಿರದ ನೆಂಟ. ಅಂದಮೇಲೆ ಮೀನು ಎಂಬ ಮಾತು ಸಂತೆಯಲ್ಲಿ ಸರಿ, ವಂಶವೃಕ್ಷದಲ್ಲಿ ನಾಲ್ಕು ಕಾಲಿನವರನ್ನು ಬಿಟ್ಟು ಅದಕ್ಕೆ ಗೆರೆ ಎಳೆಯಲಾಗದು. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ 2004ರಲ್ಲಿ ಸಿಕ್ಕ, ಸುಮಾರು 37.5 ಕೋಟಿ ವರ್ಷ ಹಳೆಯ ಟಿಕ್‌ಟಾಲಿಕ್‌ ಎಂಬ ಪ್ರಾಣಿಗೆ ಮೀನಿನ ಪೊರೆ, ರೆಕ್ಕೆಗಳ ಜೊತೆಗೆ ಕುತ್ತಿಗೆಯೂ ಮಣಿಕಟ್ಟಿನಂತಹ ಮೂಳೆಗಳೂ ಇದ್ದವು. ಅದನ್ನು ಮೀನೆನ್ನಬೇಕೋ ಬೇಡವೋ ಎಂದು ಹೆಸರಿನ ಹಿಂದೆ ಹೋಗುವುದಕ್ಕಿಂತ, ಯಾವ ಲಕ್ಷಣ ಯಾವುದಕ್ಕಿಂತ ಮೊದಲು ಬಂತು ಎಂದು ಕೇಳುವುದನ್ನು ರೂಢಿಸಿಕೊಳ್ಳಿ.

ಪಳೆಯುಳಿಕೆಗಳು ದೂರದ ದೇಶಗಳಲ್ಲಿವೆ, ನಾನಿಲ್ಲಿ ಕುಳಿತು ಏನು ಮಾಡಲಿ ಎಂದು ನಿಮಗನ್ನಿಸಬಹುದು. ಅದಕ್ಕೆ ನಿಮ್ಮ ಅಮ್ಮನ ಬುಟ್ಟಿಯಲ್ಲೇ ಉತ್ತರವಿದೆ. ನಿಮ್ಮ ಕಡೆ ಲೆಪ್ಪೆ ಎನ್ನುವ, ಮಂಗಳೂರಿನ ಕಡೆ ನಂಗ್ ಎನ್ನುವ ನಾಲಿಗೆ ಮೀನನ್ನು ಕಣ್ಣಿರುವ ಮೈ ಮೇಲಾಗಿ, ಹೊಟ್ಟೆಯ ಅಂಚು ನಿಮ್ಮ ಕಡೆಗೆ ಬರುವಂತೆ ತಟ್ಟೆಯಲ್ಲಿಡಿ. ಮೂತಿ ಎಡಕ್ಕೆ ತಿರುಗಿರುತ್ತದೆ, ಅಂದರೆ ಎರಡೂ ಕಣ್ಣುಗಳು ಅದರ ಎಡಮೈಯಲ್ಲಿವೆ. ಮೊಟ್ಟೆಯಿಂದ ಹೊರಬಂದಾಗ ಈ ಮರಿ ಬೇರೆ ಮೀನಿನ ಮರಿಗಳಂತೆಯೇ ನೆಟ್ಟಗೆ ಈಜುತ್ತದೆ, ಪ್ರತಿ ಬದಿಗೆ ಒಂದು ಕಣ್ಣಿರುತ್ತದೆ. ಬೆಳೆಯುತ್ತ ಒಂದು ಕಣ್ಣು ತಲೆಯನ್ನು ದಾಟಿ ಇನ್ನೊಂದು ಬದಿಗೆ ಸರಿದ ಮೇಲೆ ಮೀನು ತಳದಲ್ಲಿ ಮಲಗುತ್ತದೆ. ಮಿವಾರ್ಟ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞರು 1871ರಲ್ಲಿ ಡಾರ್ವಿನ್ನರ ವಿರುದ್ಧ ಇದೇ ಬಗೆಯ ಚಪ್ಪಟೆ ಮೀನುಗಳನ್ನು ಮುಂದಿಟ್ಟರು: ಪೂರ್ತಿ ದಾಟಿದ ಕಣ್ಣಿನಿಂದ ಲಾಭವಿರಬಹುದು, ಸ್ವಲ್ಪವೇ ಸರಿದ ಕಣ್ಣಿನಿಂದ ಏನು ಲಾಭ, ಹಾಗಾದರೆ ಇದು ಹಂತ ಹಂತವಾಗಿ ಬಂದದ್ದು ಹೇಗೆ? ಡಾರ್ವಿನ್ ಮರುವರ್ಷ ಉತ್ತರ ಕೊಟ್ಟರೂ ನಡುವಿನ ಹಂತದ ಪ್ರಾಣಿಯನ್ನು ತೋರಿಸಲು ಅವರ ಬಳಿ ಏನೂ ಇರಲಿಲ್ಲ. 2008ರಲ್ಲಿ ಮ್ಯಾಟ್ ಫ್ರೀಡ್‌ಮನ್ ಎಂಬ ಸಂಶೋಧಕರು ಯುರೋಪಿನ ಸಂಗ್ರಹಾಲಯಗಳಲ್ಲಿದ್ದ, ಸುಮಾರು 5 ಕೋಟಿ ವರ್ಷ ಹಳೆಯ ಆಂಫಿಸ್ಟಿಯಂ ಮುಂತಾದ ಮೀನುಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿಸಿ ಮತ್ತೆ ನೋಡಿದರು. ಬೆಳೆದ ಮೀನುಗಳಲ್ಲೇ ಒಂದು ಕಣ್ಣು ಮೇಲಕ್ಕೆ ಸರಿದಿತ್ತು, ಆದರೆ ತಲೆಯ ನಡುಗೆರೆಯನ್ನು ದಾಟಿರಲಿಲ್ಲ. ಎಲ್ಲರೂ ನೋಡಿ ಪಕ್ಕಕ್ಕಿಟ್ಟಿದ್ದ ಕಲ್ಲನ್ನೇ ಹೊಸ ಪ್ರಶ್ನೆಯೊಡನೆ ನೋಡಿದ್ದರಿಂದ 137 ವರ್ಷ ಹಳೆಯ ಆಕ್ಷೇಪಕ್ಕೆ ಉತ್ತರ ಸಿಕ್ಕಿತು. ದೂರಶಿಕ್ಷಣದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆ.

ನಮ್ಮ ನೆಲದ ಪ್ರಶ್ನೆಯೊಂದನ್ನೂ ನೀವು ಓದಲೇಬೇಕು. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ ಅವರು ಬೆಟ್ಟದ ಹಳ್ಳಗಳ ಮೀನುಗಳನ್ನು ಜೀವಮಾನವಿಡೀ ಅಭ್ಯಾಸ ಮಾಡಿದವರು. ಸೆಳವಿನಲ್ಲಿ ಕಲ್ಲಿಗೆ ಕಚ್ಚಿಕೊಂಡಿರಲು ಚಪ್ಪಟೆ ಹೊಟ್ಟೆಯನ್ನೂ, ಅಗಲವಾಗಿ ಹರಡಿದ ರೆಕ್ಕೆಗಳನ್ನೂ ಪಡೆದ ಮೀನುಗಳು ಪಶ್ಚಿಮ ಘಟ್ಟದಲ್ಲಿವೆ, ಅವುಗಳ ನೆಂಟರು ಪೂರ್ವ ಹಿಮಾಲಯದಲ್ಲಿ ಮತ್ತು ಮಲಯದ ಕಡೆ ಇದ್ದಾರೆ, ನಡುವಿನ ಒಣ ನಾಡಿನಲ್ಲಿ ಮಾತ್ರ ಇಲ್ಲ. ಹಿಂದೆ ಹವೆ ಹೆಚ್ಚು ತೇವವಾಗಿದ್ದ ಹಿಮಯುಗದ ಕಾಲದಲ್ಲಿ ಈ ಮೀನುಗಳು ವಿಂಧ್ಯ–ಸಾತ್ಪುರ ಬೆಟ್ಟಸಾಲಿನ ಹಳ್ಳಗಳ ಮೂಲಕ ದಕ್ಷಿಣಕ್ಕೆ ಬಂದಿರಬೇಕು ಎಂಬುದು ಹೋರಾ ಅವರ ಸಾತ್ಪುರ ಊಹೆ. ಊಹೆ ಸುಂದರವಾಗಿದೆ ಎಂದು ಒಪ್ಪಿಬಿಡಬೇಡಿ, ಹಳೆಯದೆಂದು ತಳ್ಳಿಯೂ ಬಿಡಬೇಡಿ. ಅದನ್ನು ಪರೀಕ್ಷಿಸುವ ಬಗೆ ಏನು ಎಂದು ಕೇಳಿಕೊಳ್ಳಿ. ಘಟ್ಟದ ಮೀನೂ ಪೂರ್ವದ ಮೀನೂ ನಿಜವಾಗಿ ಹತ್ತಿರದ ನೆಂಟರೋ, ಅಥವಾ ಒಂದೇ ಬಗೆಯ ಸೆಳವಿನಲ್ಲಿ ಬಾಳಿದ್ದರಿಂದ ಒಂದೇ ಆಕಾರ ಪಡೆದ ಬೇರೆ ಬೇರೆ ಮನೆತನದವೋ? ನೆಂಟರೇ ಆಗಿದ್ದರೆ ಅವು ಬೇರ್ಪಟ್ಟದ್ದು ಹಿಮಯುಗದಲ್ಲೋ, ಅದಕ್ಕೂ ಬಹಳ ಹಿಂದೆಯೋ? ಬೇರ್ಪಟ್ಟ ಕಾಲ ಅದಕ್ಕಿಂತ ಹಳೆಯದೆಂದು ಡಿಎನ್‌ಎ ಹೇಳಿದರೆ ಆ ಮನೆತನದ ಮಟ್ಟಿಗೆ ಹೋರಾ ಅವರ ಊಹೆ ನಿಲ್ಲುವುದಿಲ್ಲ. ಇಂತಹ ಊಹೆಗಳನ್ನು ವಂಶವೃಕ್ಷದ ಮೂಲಕವೇ ಪರೀಕ್ಷಿಸಬೇಕೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ್ ಕಾರಂತ್ ಅವರು 2003ರಲ್ಲಿ ವಾದಿಸಿದ್ದರು. ಆ ಚರ್ಚೆಯನ್ನು ಓದಲು ಪ್ರಯೋಗಾಲಯ ಬೇಕಿಲ್ಲ, ಸಮಯ ಮತ್ತು ತಾಳ್ಮೆ ಸಾಕು.

ಘಟ್ಟದ ನದಿಗಳಲ್ಲಿ ಇನ್ನೂ ಹೆಸರಿಡುವ ಕೆಲಸವೇ ಮುಗಿದಿಲ್ಲ. ಕಾವೇರಿಯ ದೊಡ್ಡ ಬಿಳಿಮೀನನ್ನು (ಮಹಸೀರ್) ನೂರೈವತ್ತು ವರ್ಷಗಳಿಂದ ಗಾಳ ಹಾಕುವವರೆಲ್ಲ ಬಲ್ಲರು, ಆದರೆ ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿಯೈ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಆಡುಮಾತಿನ ಹೆಸರಿನ ಜೊತೆಗೆ ಲ್ಯಾಟಿನ್ ಹೆಸರನ್ನು ತಪ್ಪದೆ ಬರೆಯಿರಿ ಎಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ. ನಿಮ್ಮ ತಾರ್ಲೆಯೇ ಮಂಗಳೂರಿನಲ್ಲಿ ಬೂತಾಯಿ. ಹಾಗೆಂದು ಆಡುಮಾತಿನ ಹೆಸರನ್ನು ಬಿಟ್ಟುಬಿಡಬೇಡಿ. ಮಳೆಗಾಲದ ಮೊದಲ ನೆರೆಗೆ ಹಳ್ಳ ಹತ್ತಿ ಬರುವ ಮೀನನ್ನು ಮಲೆನಾಡಿನವರು ಹತ್ತುಮೀನು ಎನ್ನುವಾಗ, ಅದು ಮೊಟ್ಟೆಯಿಡಲು ವಲಸೆ ಹೋಗುತ್ತದೆಂಬ ಜೀವಶಾಸ್ತ್ರವೇ ಆ ಹೆಸರಿನಲ್ಲಿದೆ. ಇಂತಹ ಮಾತುಗಳನ್ನು ನಿಮ್ಮ ತಾಯಿಯವರನ್ನೂ ಅವರ ಜೊತೆಯ ಹಿರಿಯರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಪಠ್ಯ ಇಂಗ್ಲಿಷಿನಲ್ಲಿರುತ್ತದೆಂಬ ಹೆದರಿಕೆಯೂ ಇದರಿಂದ ಕಡಿಮೆಯಾಗುತ್ತದೆ. ಅಪರಿಚಿತ ಪದ ಪರಿಚಿತ ಮೀನಿನ ಮೈಮೇಲೆ ಬಂದು ಕೂತಾಗ ನೆನಪಿನಲ್ಲಿ ಉಳಿಯುತ್ತದೆ.

ಕಾನೂನಿನ ವಿಚಾರದಲ್ಲಿ ಎಚ್ಚರವಿರಲಿ. ತಿಮಿಂಗಿಲ ಶಾರ್ಕ್ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಗರಗಸ ಮೀನೂ ಇದೆ; 2022ರ ತಿದ್ದುಪಡಿಯಲ್ಲಿ ಇನ್ನಷ್ಟು ಶಾರ್ಕ್ ಮತ್ತು ತೊರಕೆಗಳು ಪಟ್ಟಿಗೆ ಬಂದಿವೆ. ಅಂಥವು ಬಲೆಗೆ ಬಿದ್ದದ್ದು ಕಂಡರೆ ಫೋಟೊ ತೆಗೆದು, ಜೀವವಿದ್ದರೆ ಬಿಡಿಸಲು ಹೇಳಿ. ಮಾದರಿಯೆಂದು ಮನೆಗೆ ತರಬೇಡಿ. ಕಾಡಿನ ಹಳ್ಳಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬಲೆ ಹಾಕಬೇಡಿ.

ಒಂದು ಕೆಲಸವನ್ನು ಎಂ.ಎಸ್ಸಿ.ಗೆ ಸೇರುವ ಮೊದಲೇ ಆರಂಭಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಸಿಗುವುದು ನಾಡದೋಣಿಯ ಮೀನಷ್ಟೇ, ಅದೂ ಕಡಲು ಶಾಂತವಾಗಿದ್ದ ದಿನ. ಆದರೆ ತಾರ್ಲೆ ಮೊಟ್ಟೆಯಿಡುವುದು ಇದೇ ಮುಂಗಾರಿನ ತಿಂಗಳುಗಳಲ್ಲಿ, ಹಾಗಾಗಿ ಆಗ ಸಿಕ್ಕ ನಾಲ್ಕು ಮೀನಿಗೂ ಬೆಲೆಯಿದೆ. ಪ್ರತಿ ತಿಂಗಳು ಐವತ್ತು ತಾರ್ಲೆಗಳನ್ನು, ಮಳೆಗಾಲದಲ್ಲಿ ಸಿಕ್ಕಷ್ಟನ್ನು, ಆರಿಸದೆ ಬುಟ್ಟಿಯಿಂದ ಬಂದ ಹಾಗೆಯೇ ತೆಗೆದುಕೊಳ್ಳಿ. ದೊಡ್ಡದನ್ನೇ ಆರಿಸಿದರೆ ಲೆಕ್ಕ ಕೆಡುತ್ತದೆ. ಒಂದೊಂದರ ಉದ್ದವನ್ನು ಮಿಲಿಮೀಟರಿನಲ್ಲಿ, ತೂಕವನ್ನು ಗ್ರಾಮಿನಲ್ಲಿ ಬರೆಯಿರಿ. ಹೊಟ್ಟೆ ಸೀಳಿದಾಗ ಗಂಡೋ ಹೆಣ್ಣೋ, ಅಂಡಾಶಯ ಹೊಟ್ಟೆಯ ಎಷ್ಟು ಭಾಗ ತುಂಬಿದೆ, ಮೊಟ್ಟೆಗಳು ಬರಿಗಣ್ಣಿಗೆ ಕಾಣುತ್ತವೆಯೇ, ಜಠರ ಖಾಲಿಯೋ ತುಂಬಿದೆಯೋ ಎಂಬುದನ್ನೂ ಬರೆಯಿರಿ. ಮೀನು ಬೆಳೆಯುತ್ತ ಅದರ ಆಕಾರ ಹಾಗೆಯೇ ಉಳಿದರೆ ತೂಕವು ಉದ್ದದ ಘನಕ್ಕೆ ಅನುಗುಣವಾಗಿ ಏರಬೇಕು. ಎರಡರ ಲಾಗರಿದಮ್ ತೆಗೆದು ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟರೆ ಬರುವ ಗೆರೆಯ ಇಳಿಜಾರು 3ರ ಆಸುಪಾಸಿನಲ್ಲಿರುತ್ತದೆ. ಅದು ಯಾವ ತಿಂಗಳಲ್ಲಿ 3ಕ್ಕಿಂತ ಮೇಲೆ ಹೋಯಿತು, ಯಾವ ತಿಂಗಳಲ್ಲಿ ಕೆಳಗಿಳಿಯಿತು, ಅಂಡಾಶಯದ ಕಾಲಮ್ಮಿನಲ್ಲಿ ಆ ತಿಂಗಳು ಏನು ಬರೆದಿದ್ದೀರಿ ಎಂದು ಒಟ್ಟಿಗೆ ಇಟ್ಟು ನೋಡಿ. ಹನ್ನೆರಡು ತಿಂಗಳ ಪುಟಗಳು ತುಂಬಿದ ಮೇಲೆ ನನಗೊಮ್ಮೆ ಬರೆಯಿರಿ. ಆ ಅಂಕಿಗಳನ್ನು ನಾನೂ ನೋಡಬೇಕು.